ಕೋಲಾರ ಸೀಮೆಯ ಬಾಲ್ಯಪಠನವೂ ಕಾದಂಬರಿಯೂ

೧. ವಿಷಯಪ್ರವೇಶ

ಮನುಷ್ಯನ ಲೋಕದೃಷ್ಟಿಯು ರೂಪುಗೊಳ್ಳುವುದರಲ್ಲಿ ಬಾಲ್ಯದ ಓದಿಗೆ ಎಷ್ಟು ಪಾಲು ಸಲ್ಲುತ್ತದೆಯೆಂಬ ಪ್ರಶ್ನೆಯು ಶಿಕ್ಷಣಶಾಸ್ತ್ರಕ್ಕೆ ಹೇಗೋ ಹಾಗೆಯೇ ಸಾಹಿತ್ಯಚರಿತ್ರೆಗೂ ಸೇರಿದುದಾಗಿದೆ. ಈ ವಿಷಯದಲ್ಲಿ ಎರಡು ಅಭಿಪ್ರಾಯಗಳು ಬಹುಕಾಲದಿಂದ ಪ್ರಚಾರದಲ್ಲಿವೆ. ಎಳೆಯ ವಯಸ್ಸಿನಲ್ಲಿ ಓದಿದ ಉತ್ತಮ ಕಾದಂಬರಿಯು ಜೀವಮಾನವೆಲ್ಲ ದಾರಿದೀಪವಾಗುತ್ತದೆಂಬುದು ಒಂದು. ಕಥೆಯ ಪ್ರಭಾವವೆಂಬುದು ಬೆಳೆದವರು ತಮ್ಮ ಹಿಂದಿನ ದಿನಗಳಿಗೆ ಆಮೇಲೆ ಹಚ್ಚುವ ಬಣ್ಣವೆಂಬುದು ಇನ್ನೊಂದು. ಮೊದಲನೆಯದು ಪುಸ್ತಕಪ್ರಿಯರ ಮಾತು, ಎರಡನೆಯದು ಸಂಶಯಿಗಳ ಮಾತು. ಎರಡನ್ನೂ ಸಾಮಾನ್ಯವಾಗಿ ಯಾವ ದೇಶಕಾಲವನ್ನೂ ಗೊತ್ತುಮಾಡದೆ ಹೇಳುವುದು ವಾಡಿಕೆಯಾದುದರಿಂದ, ಅವುಗಳ ಬಲಾಬಲವನ್ನು ಪರೀಕ್ಷಿಸುವುದು ಕಷ್ಟವಾಗಿದೆ.

ಒಂದು ನಿರ್ದಿಷ್ಟವಾದ ಸೀಮೆಯನ್ನೂ ಒಂದು ನಿರ್ದಿಷ್ಟವಾದ ಕಾಲವನ್ನೂ ತೆಗೆದುಕೊಂಡರೆ ವಿಚಾರವು ಸ್ವಲ್ಪ ಸ್ಪಷ್ಟವಾಗಬಹುದು. ಇದಕ್ಕೆ ಕೋಲಾರದ ಸೀಮೆಯು ಬಹಳ ಅನುಕೂಲವಾದುದು. ಮುಳಬಾಗಿಲಿನಲ್ಲಿ ೧೮೮೭ರಲ್ಲಿ ಡಿ. ವಿ. ಗುಂಡಪ್ಪನವರೂ, ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ೧೮೯೧ರಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೂ, ಕೋಲಾರದಲ್ಲಿ ೧೯೦೮ರಲ್ಲಿ ಅ. ನ. ಕೃಷ್ಣರಾಯರೂ ಜನಿಸಿದರು. ಇಪ್ಪತ್ತೊಂದು ವರ್ಷಗಳ ಅಂತರದಲ್ಲಿ, ಒಂದು ದಿನದ ಗಾಡಿಯ ಪ್ರಯಾಣದ ಸುತ್ತಳತೆಯೊಳಗೆ, ಹೊಸಗನ್ನಡ ಗದ್ಯದ ಮೂರು ಭಿನ್ನ ಮಾರ್ಗಗಳನ್ನು ಹಾಕಿದ ಮೂವರು ಹುಟ್ಟಿದುದು ಕಾಕತಾಳೀಯವೇ ಆಗಿರಬಹುದು. ಆದರೂ ಈ ಇಪ್ಪತ್ತೊಂದು ವರ್ಷಗಳೇ ಕನ್ನಡದಲ್ಲಿ ಕಾದಂಬರಿಯು ಅಪರೂಪದ ವಸ್ತುವಾಗಿದ್ದುದು ಮನೆಯ ವಸ್ತುವಾದ ಕಾಲ. ಆದುದರಿಂದ ಮೂವರ ಬಾಲ್ಯವನ್ನು ಒಂದರ ಪಕ್ಕದಲ್ಲೊಂದನ್ನು ಇಟ್ಟು ನೋಡುವುದರಲ್ಲಿ ಪ್ರಯೋಜನವಿದೆ.

ಸಾಮಗ್ರಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳೂ ಮಾಸ್ತಿಯವರ ಆತ್ಮಕಥೆಯಾದ ‘ಭಾವ’ದ ಮೂರು ಸಂಪುಟಗಳೂ ಅವರ ಬಾಳಿನ ಉತ್ತರಾರ್ಧದಲ್ಲಿ ಬರೆದವು. ಅರ್ಧ ಶತಮಾನದ ಆಚೆಯಿಂದ ಕಾಣುವ ಬಾಲ್ಯವು ಬರೆದವನ ಪಕ್ವಬುದ್ಧಿಯಿಂದ ಸೋಸಿ ಬಂದುದಾಗಿರುತ್ತದೆ. ಇಂತಹ ಸ್ಮೃತಿಗಳನ್ನು ಸಾಕ್ಷ್ಯವಾಗಿ ಸ್ವೀಕರಿಸುವಾಗ ಅವುಗಳ ಜೊತೆಗೆ ಬೇರೆ ಎರಡು ಬಗೆಯ ಆಧಾರಗಳನ್ನು ಸೇರಿಸಿಕೊಳ್ಳಬೇಕು. ಆಯಾ ಕಾಲದಲ್ಲಿ ಹತ್ತು ವರ್ಷದ ಬಾಲಕನೊಬ್ಬನಿಗೆ ಕನ್ನಡದಲ್ಲಿ ಯಾವ ಪುಸ್ತಕಗಳು ಲಭ್ಯವಾಗಬಹುದಾಗಿದ್ದುವೆಂಬುದು ಒಂದು ಆಧಾರ; ಆ ಬಾಲಕನು ದೊಡ್ಡವನಾಗಿ ಬರೆದ ಕೃತಿಗಳಲ್ಲಿ ಕಥನದ ಯಾವ ಅಭ್ಯಾಸಗಳು ಉಳಿದುಬಂದಿವೆಯೆಂಬುದು ಮತ್ತೊಂದು.

೨. ಸೀಮೆಯ ಕಥಾಸಂಪತ್ತು

ಈ ಸೀಮೆಯ ಮಕ್ಕಳಿಗೆ ಕಥೆಯು ಪುಸ್ತಕದಿಂದ ಬರುವುದಕ್ಕೆ ಮುಂಚೆ ನೆಲದಿಂದ ಬಂದಿತು. ಕೋಲಾರವು ಶಾಸನಗಳ ಕುವಲಾಲಪುರ. ಗಂಗ ಅರಸರು ತಮ್ಮ ಬಿರುದಿನಲ್ಲಿ ಹೊತ್ತು ತಿರುಗಿದ ಊರು. ಮುಳಬಾಗಿಲು ಎಂಬ ಹೆಸರು ಮೂಡಲ ಬಾಗಿಲೆಂಬುದರಿಂದ ಬಂದುದು. ಮುಳಬಾಗಿಲು ತಾಲ್ಲೂಕಿನ ಆವನಿಯ ಬೆಟ್ಟವನ್ನು ಜನರು ವಾಲ್ಮೀಕಿಯ ಆಶ್ರಮವೆಂದು ನಂಬಿ, ಸೀತಾದೇವಿಯು ಲವಕುಶರನ್ನು ಹೆತ್ತುದು ಅಲ್ಲಿಯೇ ಎಂದು ಸ್ಥಳಗಳನ್ನು ತೋರಿಸುತ್ತಾರೆ. ಶ್ರೀನಿವಾಸಪುರವು ಹಿಂದೆ ಪಾಪನಪಲ್ಲಿಯಾಗಿದ್ದು, ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಅದಕ್ಕೆ ಇಟ್ಟರೆಂದು ತಿಳಿದುಬರುತ್ತದೆ. ಮಾಸ್ತಿಯೆಂಬ ಶಬ್ದವು ಮಹಾಸತಿಯೆಂಬುದರ ತದ್ಭವ. ಮಾಸ್ತಿಕಲ್ಲುಗಳು ನಾಡಿನ ಎಷ್ಟೋ ಊರುಗಳ ಹೊರಗೆ ನಿಂತು, ಕೇಳುವ ಮಗುವಿಗೆ ಒಂದೊಂದು ಸಾವಿನ ಕಥೆಯನ್ನು ಹೇಳುತ್ತವೆ. ಕೋಲಾರದ ಊರಿನಲ್ಲಿಯೇ ಹೈದರಾಲಿಯ ತಂದೆಯಾದ ಫತೇಮಹಮ್ಮದನ ಗೋರಿಯಿದೆ. ಹೈದರನು ಹುಟ್ಟಿದ ಬೂದಿಕೋಟೆಯು ಸಮೀಪದಲ್ಲಿಯೇ ಇದೆ. ಇತಿಹಾಸ, ಪುರಾಣ, ಸ್ಥಳನಾಮ ಇವು ಮೂರೂ ಇಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ.

ಭಾಷೆಯ ವಿಷಯದಲ್ಲಿಯೂ ಈ ಸೀಮೆಗೆ ಒಂದು ವಿಶೇಷವಿದೆ. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ತೆಲುಗು ಮನೆಮಾತಾದ ಕುಟುಂಬಗಳು ಬಹಳ. ಮಾಸ್ತಿಯವರ ಮನೆಮಾತು ತಮಿಳು. ಮುಸಲ್ಮಾನ ಮನೆತನಗಳಲ್ಲಿ ಉರ್ದು. ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಕನ್ನಡ. ಹೀಗೆ ಮಗುವು ಅಡುಗೆಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು, ಹಲಗೆಯ ಮೇಲೆ ಮತ್ತೊಂದು ನುಡಿಯನ್ನು ಬಳಸುತ್ತ ಬೆಳೆಯುತ್ತಿತ್ತು. ಒಂದು ವಸ್ತುವಿಗೆ ಎರಡು ಮೂರು ಹೆಸರುಗಳಿರಬಹುದೆಂಬುದನ್ನು ಎಳೆತನದಲ್ಲಿಯೇ ಅರಿತ ಮನಸ್ಸಿಗೆ, ಒಂದು ಸಂಗತಿಗೆ ಎರಡು ಮೂರು ನೋಟಗಳಿರಬಹುದೆಂಬುದು ಅಪರಿಚಿತವಾಗಿ ತೋರಲಾರದು. ಕಾದಂಬರಿಯು ಕಲಿಸುವ ಪಾಠದ ಒಂದು ಭಾಗಕ್ಕೆ ಈ ಬಹುಭಾಷಾ ಪರಿಸರವು ಮುಂಚೆಯೇ ನೆಲವನ್ನು ಹದಮಾಡಿಟ್ಟಿತ್ತೆಂದು ಊಹಿಸುವುದು ಅಸಂಗತವಾಗಲಾರದು.

೩. ಕೇಳಿದ ಕಾವ್ಯ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರು ಸೀಮೆಯ ಬಾಲಕನ ಸಾಹಿತ್ಯಪರಿಚಯವು ಕಿವಿಯ ಮೂಲಕ ಆಗುತ್ತಿತ್ತು. ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿ ಭಾರತವನ್ನೂ ಒಬ್ಬರು ರಾಗವಾಗಿ ಓದಿ, ಇನ್ನೊಬ್ಬರು ಅರ್ಥ ಹೇಳುವುದು ಊರಿನ ಸಾಯಂಕಾಲದ ಕ್ರಮವಾಗಿತ್ತು. ಹೀಗೆ ಕೇಳಿದ ಕಾವ್ಯದಲ್ಲಿಯೂ ಆಮೇಲೆ ಕಾದಂಬರಿಯಲ್ಲಿ ದೊರೆಯಲಿದ್ದ ಅಂಶಗಳು ಇಲ್ಲದಿರಲಿಲ್ಲ. ಜೈಮಿನಿಯ ಚಂದ್ರಹಾಸನ ಕಥೆಯನ್ನೇ ತೆಗೆದುಕೊಳ್ಳಬಹುದು. ತಂದೆತಾಯಿಗಳನ್ನು ಕಳೆದುಕೊಂಡು ಪರಸ್ಥಳದಲ್ಲಿ ಬೆಳೆಯುವ ಅರಸುಮಗು, ಅವನನ್ನು ಮುಗಿಸಬೇಕೆಂದು ಹವಣಿಸುವ ಮಂತ್ರಿ, ಕೊಲ್ಲುವವರ ಮನಸ್ಸೇ ಕರಗುವುದು, ವಿಷವನ್ನು ಕೊಡಬೇಕೆಂದು ಬರೆದ ಪತ್ರದಲ್ಲಿ ಒಂದಕ್ಷರವನ್ನು ಸೇರಿಸಿ ಮಂತ್ರಿಯ ಮಗಳಾದ ವಿಷಯೆಯು ತನ್ನನ್ನೇ ಕೊಡುವಂತೆ ಮಾಡಿಕೊಳ್ಳುವುದು, ಇವೆಲ್ಲವೂ ಕುತೂಹಲವನ್ನು ಕಟ್ಟಿ ಬಿಡಿಸುವ ಕಥನಕೌಶಲದ ಉತ್ತಮ ಮಾದರಿಗಳು. ಅದೇ ಕಾವ್ಯದ ಸೀತಾಪರಿತ್ಯಾಗದ ಭಾಗವನ್ನು ಆವನಿಯ ಬೆಟ್ಟದ ಸುತ್ತಿನ ಊರಿನಲ್ಲಿ ಕುಳಿತು ಕೇಳುವ ಮಗುವಿಗೆ ಕಥೆ ನಡೆದ ಸ್ಥಳವು ಕಣ್ಣಳತೆಯಲ್ಲಿಯೇ ಇದ್ದಿತು.

ಆದರೆ ಕೇಳುವುದಕ್ಕೂ ಓದುವುದಕ್ಕೂ ಒಂದು ಮೂಲಭೇದವುಂಟು. ಕೇಳುವವನು ಸಭೆಯ ನಡುವೆ ಇರುತ್ತಾನೆ. ಸೀತೆಗಾಗಿ ಅಳುವಾಗ ಸುತ್ತಲಿನವರೆಲ್ಲರೂ ಅಳುತ್ತಾರೆ. ದುಷ್ಟಬುದ್ಧಿಯ ಮೇಲೆ ಕೋಪ ಬಂದಾಗ ಎಲ್ಲರಿಗೂ ಕೋಪ. ಎಲ್ಲಿ ಕರುಣೆ ಪಡಬೇಕು, ಎಲ್ಲಿ ಪಡಬಾರದೆಂಬುದನ್ನು ಅರ್ಥ ಹೇಳುವವರು ತಿಳಿಸಿಕೊಡುತ್ತಾರೆ. ಹೀಗೆ ರೂಪುಗೊಂಡ ಭಾವವು ಗಟ್ಟಿಯಾದುದು, ಹಂಚಿಕೊಂಡುದು, ನಿಶ್ಚಿತವಾದುದು. ಅದು ಮಗುವನ್ನು ಒಂದು ಸಮುದಾಯದ ಸದಸ್ಯನನ್ನಾಗಿ ಮಾಡುತ್ತದೆ. ಈ ಶಿಕ್ಷಣದ ಬೆಲೆಯನ್ನು ಕಡಿಮೆಯೆಂದು ಎಣಿಸಲಾಗದು. ಆದರೆ ಇದರಲ್ಲಿ ಮಗುವು ಒಂಟಿಯಾಗಿ ಕುಳಿತು, ಯಾರ ಅಪ್ಪಣೆಯೂ ಇಲ್ಲದೆ, ಒಬ್ಬ ಕಲ್ಪಿತ ವ್ಯಕ್ತಿಯ ಪಕ್ಷವನ್ನು ವಹಿಸುವ ಸಂದರ್ಭವು ವಿರಳ. ಆ ಸಂದರ್ಭವನ್ನು ತಂದುದು ಕಾದಂಬರಿ.

೪. ಹತ್ತು ವರ್ಷದ ಮೂವರು ಓದುಗರು

ಕಾದಂಬರಿಯೆಂಬ ಹೆಸರು ಬಾಣಭಟ್ಟನ ಗ್ರಂಥದಿಂದ ಬಂದುದು. ನಾಗವರ್ಮನು ಅದನ್ನು ಬಹು ಹಿಂದೆಯೇ ಕನ್ನಡಕ್ಕೆ ತಂದಿದ್ದನು. ಕೆಂಪುನಾರಾಯಣನ ‘ಮುದ್ರಾಮಂಜೂಷ’ವು ೧೮೨೩ರದು. ಆದರೆ ಜನರು ಕೈಯಲ್ಲಿ ಹಿಡಿದು ಓದಿ ಮುಗಿಸುವ ಆಧುನಿಕ ಕಾದಂಬರಿಯನ್ನು ಹಳೆಯ ಮೈಸೂರಿನವರಿಗೆ ಪರಿಚಯಿಸಿದ ಕೀರ್ತಿಯು ಬಿ. ವೆಂಕಟಾಚಾರ್ಯರಿಗೆ (೧೮೪೫–೧೯೧೪) ಸಲ್ಲುತ್ತದೆ. ಕೊಳ್ಳೇಗಾಲದಲ್ಲಿ ಹುಟ್ಟಿ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧಿಕಾರದ ಹುದ್ದೆಯಲ್ಲಿದ್ದ ಇವರು ವಂಗಭಾಷೆಯನ್ನು ಸ್ವಪ್ರಯತ್ನದಿಂದ ಕಲಿತು, ೧೮೬೫ರಲ್ಲಿ ಬಂಕಿಮಚಂದ್ರರು ಬರೆದ ‘ದುರ್ಗೇಶನಂದಿನಿ’ಯನ್ನು ೧೮೮೫ರಲ್ಲಿ ಕನ್ನಡಕ್ಕೆ ತಂದರು. ಅದನ್ನು ಹಿಂಬಾಲಿಸಿ ಬಂಕಿಮರ ಇತರ ಕಾದಂಬರಿಗಳೂ ಬಂದವು.

ಗುಂಡಪ್ಪನವರಿಗೆ ಹತ್ತು ತುಂಬಿದುದು ೧೮೯೭ರಲ್ಲಿ. ಆ ವೇಳೆಗೆ ಮುಳಬಾಗಿಲಿನ ಬಾಲಕನೊಬ್ಬನು ಕನ್ನಡದಲ್ಲಿ ಕಾದಂಬರಿಯನ್ನು ಓದಬೇಕೆಂದರೆ ಅದು ಬಹುಮಟ್ಟಿಗೆ ವೆಂಕಟಾಚಾರ್ಯರ ಭಾಷಾಂತರವೇ ಆಗಬೇಕಾಗಿತ್ತು. ಅಂದರೆ ರಜಪೂತರ, ಮೊಗಲರ, ವಂಗದೇಶದ ಜಮೀನುದಾರರ ಕಥೆಯಾಗಬೇಕಾಗಿತ್ತು. ಮಾಸ್ತಿಯವರಿಗೆ ಹತ್ತು ತುಂಬಿದ ೧೯೦೧ಕ್ಕೆ ಎರಡು ವರ್ಷ ಮುಂಚೆ, ೧೮೯೯ರಲ್ಲಿ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು ಮಂಗಳೂರಿನಲ್ಲಿ ಹೊರಬಂದಿತ್ತು. ಉತ್ತರದಲ್ಲಿ ಗಳಗನಾಥರು ಬರೆಯತೊಡಗಿದ್ದರು. ಆದರೂ ಪಶ್ಚಿಮದ ಕರಾವಳಿಯಲ್ಲಿಯೂ ಧಾರವಾಡದ ಕಡೆಯೂ ಅಚ್ಚಾದ ಪುಸ್ತಕವು ಮದರಾಸಿನ ದಾರಿಯಲ್ಲಿದ್ದ ಈ ತಾಲ್ಲೂಕುಗಳಿಗೆ ಸುಲಭವಾಗಿ ಬರುತ್ತಿರಲಿಲ್ಲ. ಅನಕೃ ಅವರಿಗೆ ಹತ್ತು ತುಂಬಿದುದು ೧೯೧೮ರಲ್ಲಿ. ಅಷ್ಟರಲ್ಲಿ ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ (೧೯೧೫) ಮೈಸೂರು ಸೀಮೆಯ ಹಳ್ಳಿಯ ಮಾತನ್ನೇ ಕಾದಂಬರಿಗೆ ತಂದಿತ್ತು. ನಂಜನಗೂಡಿನ ತಿರುಮಲಾಂಬ ಅವರ ಕಾದಂಬರಿಗಳು ಮನೆಯ ಹೆಣ್ಣುಮಕ್ಕಳಲ್ಲಿ ಪ್ರಚಾರವಾಗತೊಡಗಿದ್ದುವು. ಕರ್ಣಾಟಕ ಸಾಹಿತ್ಯ ಪರಿಷತ್ತು ೧೯೧೫ರಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರಲ್ಲಿಯೂ ಸ್ಥಾಪಿತವಾಗಿದ್ದುವು.

ಹೀಗೆ ಮೊದಲನೆಯ ಬಾಲಕನಿಗೆ ಕಾದಂಬರಿಯು ದೂರದೇಶದ ವಾರ್ತೆ, ಎರಡನೆಯವನಿಗೆ ದೂರದಿಂದ ಹತ್ತಿರಕ್ಕೆ ಬರುತ್ತಿರುವ ವಸ್ತು, ಮೂರನೆಯವನಿಗೆ ತನ್ನ ಬೀದಿಯದೇ ಮಾತು. ಈ ವ್ಯತ್ಯಾಸವು ಅವರ ಬರಹದಲ್ಲಿ ಪ್ರತಿಫಲಿಸಿದೆಯೆಂಬುದು ಮುಂದೆ ಕಂಡುಬರುವುದು.

ಪುಸ್ತಕವು ಬರುವ ದಾರಿಯೂ ಎಲ್ಲರಿಗೂ ಸಮಾನವಾಗಿರಲಿಲ್ಲ. ಬೆಂಗಳೂರಿನಿಂದ ಜೋಲಾರಪೇಟೆಗೆ ಹೋಗುವ ರೈಲು ೧೮೬೪ರಿಂದಲೇ ಮಾಲೂರಿನ ಮೂಲಕ ಓಡಾಡುತ್ತಿತ್ತು. ಕೋಲಾರ, ಶ್ರೀನಿವಾಸಪುರಗಳಿಗೆ ಕಿರಿದಾದ ಹಳಿಯ ರೈಲು ಬಂದುದು ೧೯೧೦ರ ಅನಂತರದ ದಶಕದಲ್ಲಿ. ಮುಳಬಾಗಿಲು ಮದರಾಸಿನ ಹೆದ್ದಾರಿಯ ಮೇಲೆ ಗಾಡಿಯನ್ನೇ ನಂಬಿಕೊಂಡಿತ್ತು. ತೆಲುಗನ್ನು ಓದಬಲ್ಲ ಮನೆಗಳಿಗೆ ಮಾತ್ರ ಇನ್ನೊಂದು ಬಾಗಿಲು ತೆರೆದಿತ್ತು: ಕಂದುಕೂರಿ ವೀರೇಶಲಿಂಗಂ ಪಂತುಲು ಅವರ ‘ರಾಜಶೇಖರಚರಿತ್ರ’ವು ೧೮೭೮ರಿಂದಲೇ ಆ ಭಾಷೆಯಲ್ಲಿ ಪ್ರಸಿದ್ಧವಾಗಿತ್ತು.

೫. ಹಿರಿಯರ ಆಕ್ಷೇಪ

ಹೊಸ ವಸ್ತುವನ್ನು ಹಿರಿಯರು ಸಂತೋಷದಿಂದ ಬರಮಾಡಿಕೊಳ್ಳಲಿಲ್ಲ. ಕಾವ್ಯವನ್ನು ಕೇಳಿದರೆ ಪುಣ್ಯ, ಕಟ್ಟುಕಥೆಯನ್ನು ಓದಿದರೆ ಕಾಲಹರಣ ಎಂಬುದು ಒಂದು ಆಕ್ಷೇಪ. ಹುಡುಗರಲ್ಲಿ ಅಕಾಲದಲ್ಲಿ ಶೃಂಗಾರಭಾವವನ್ನು ಎಬ್ಬಿಸುತ್ತದೆಂಬುದು ಇನ್ನೊಂದು. ಇವೆರಡಕ್ಕಿಂತ ಆಳವಾದ ಮೂರನೆಯ ಆಕ್ಷೇಪವಿದ್ದಿತು. ಮಗುವು ಮೂಲೆಯಲ್ಲಿ ಒಂಟಿಯಾಗಿ ಕುಳಿತು ಓದುವಾಗ ಅದರ ಮನಸ್ಸಿನಲ್ಲಿ ಏನಾಗುತ್ತಿದೆಯೆಂಬುದು ಹಿರಿಯರಿಗೆ ತಿಳಿಯದು. ಕಾವ್ಯವಾಚನದಲ್ಲಿ ಅರ್ಥವು ಹೇಳುವವರ ಕೈಯಲ್ಲಿರುತ್ತದೆ. ಕಾದಂಬರಿಯ ಓದಿನಲ್ಲಿ ಅದು ಮಗುವಿನ ಕೈಗೆ ಹೋಗುತ್ತದೆ.

ಆ ಕಾಲದ ಕಾದಂಬರಿಕಾರರು ಈ ಆಕ್ಷೇಪಕ್ಕೆ ಉತ್ತರ ಕೊಡುವುದಕ್ಕಾಗಿಯೇ ನೀತಿಯನ್ನು ಎತ್ತಿ ಹಿಡಿದರೆಂದು ತೋರುತ್ತದೆ. ಪುಟ್ಟಣ್ಣನವರ ಪುಸ್ತಕದ ಹೆಸರೇ ಒಂದು ಗಾದೆಯಾಗಿದೆ. ಗಳಗನಾಥರು ಧರ್ಮಬೋಧೆಯನ್ನು ಕಥೆಯ ಬೆನ್ನೆಲುಬಾಗಿ ಮಾಡಿದರು. ತಿರುಮಲಾಂಬ ಅವರು ತಮ್ಮ ಗ್ರಂಥಮಾಲೆಗೆ ‘ಸತೀಹಿತೈಷಿಣಿ’ ಎಂದು ಹೆಸರಿಟ್ಟರು. ಆದರೆ ಬೋಧೆಯ ಹೊದಿಕೆಯೊಳಗೆ ಒಂದು ಹೊಸ ಸಂಗತಿಯು ಮಗುವಿಗೆ ತಲಪುತ್ತಿತ್ತು: ಸಾಮಾನ್ಯ ಮನುಷ್ಯನೊಬ್ಬನ ಮನಸ್ಸಿನ ತೊಳಲಾಟವೂ ನೂರಾರು ಪುಟಗಳಷ್ಟು ಗಮನಕ್ಕೆ ಯೋಗ್ಯವಾದುದೆಂಬುದು. ನೀತಿಯು ಮರೆತುಹೋಗಬಹುದು, ಈ ಗಮನದ ಅಭ್ಯಾಸವು ಸುಲಭವಾಗಿ ಹೋಗುವುದಿಲ್ಲ.

೬. ಮಾಸ್ತಿಯವರ ರಂಗಪ್ಪ

ಓದು ಮನುಷ್ಯನನ್ನು ಏನು ಮಾಡುತ್ತದೆಯೆಂಬ ಪ್ರಶ್ನೆಯನ್ನು ಕನ್ನಡ ಕಥೆಯು ಅದರ ಹುಟ್ಟಿನಲ್ಲಿಯೇ ಕೈಗೆತ್ತಿಕೊಂಡಿತೆಂಬುದು ಗಮನಾರ್ಹ. ಮಾಸ್ತಿಯವರು ೧೯೧೦ರಲ್ಲಿ, ತಮ್ಮ ಹತ್ತೊಂಬತ್ತನೆಯ ವಯಸ್ಸಿನ ಸುಮಾರಿಗೆ ಬರೆದ ‘ರಂಗಪ್ಪನ ಮದುವೆ’ಯಲ್ಲಿ ಹೊಸಹಳ್ಳಿಯ ಹುಡುಗನು ಬೆಂಗಳೂರಿಗೆ ಹೋಗಿ ಇಂಗ್ಲಿಷು ಓದಿಕೊಂಡು ಬರುತ್ತಾನೆ. ಜನಿವಾರ ಹಾಗೆಯೇ ಇದೆಯೇ ಎಂದು ಊರಿನವರು ಮುತ್ತಿಕೊಂಡು ನೋಡುತ್ತಾರೆ. ಹುಡುಗನು ಹೊರಗೆ ಬದಲಾಗಿಲ್ಲ. ಆದರೆ ತಾನು ಒಲಿದ, ಮಾತನ್ನು ಅರಿಯಬಲ್ಲ ವಯಸ್ಸಿನ ಕನ್ಯೆಯನ್ನಲ್ಲದೆ ಮದುವೆಯಾಗಲಾರೆನೆಂದು ಹೇಳುತ್ತಾನೆ. ಶಕುಂತಲೆಯು ಈಗಿನ ಮದುವಣಗಿತ್ತಿಯರಂತೆ ಚಿಕ್ಕವಳಾಗಿದ್ದರೆ ಕಾಳಿದಾಸನ ನಾಟಕದ ಗತಿಯೇನಾಗುತ್ತಿತ್ತೆಂಬುದನ್ನು ತನ್ನ ವಾದಕ್ಕೆ ಆಧಾರವಾಗಿ ತರುತ್ತಾನೆ. ಸಾಹಿತ್ಯದಿಂದ ಬಂದ ದೃಷ್ಟಿಯು ಬಾಳಿನ ನಿರ್ಣಯದೊಳಗೆ ಕಾಲಿಡುವ ಕ್ಷಣ ಇದು.

ಓದಿನ ಭ್ರಮೆಯನ್ನು ಹಾಸ್ಯಮಾಡುವ ಕಥನಕ್ಕೆ ಪಶ್ಚಿಮದಲ್ಲಿ ದೀರ್ಘವಾದ ಪರಂಪರೆಯಿದೆ. ೧೬೦೫ರಲ್ಲಿ ಸರ್ವಾಂಟಿಸನು ವೀರಕಥೆಗಳನ್ನು ಓದಿ ಬುದ್ಧಿ ಕೆಟ್ಟ ಡಾನ್ ಕ್ವಿಕ್ಸೋಟನನ್ನು ಸೃಷ್ಟಿಸಿದನು. ಜೇನ್ ಆಸ್ಟೆನಳ ‘ನಾರ್ಥಾಂಗರ್ ಆಬಿ’ಯ ನಾಯಿಕೆಯು ಭಯಾನಕ ಕಾದಂಬರಿಗಳ ಕಣ್ಣಿನಿಂದ ಒಂದು ಸಾಮಾನ್ಯ ಮನೆಯನ್ನು ನೋಡಿ ಮೋಸಹೋಗುತ್ತಾಳೆ. ಅಲ್ಲಿ ಓದುಗನನ್ನು ಜಗತ್ತು ಪೆಟ್ಟು ಕೊಟ್ಟು ತಿದ್ದುತ್ತದೆ. ಮಾಸ್ತಿಯವರಲ್ಲಿ ಹಾಗಾಗುವುದಿಲ್ಲ. ಕಥೆ ಹೇಳುವ ಶ್ಯಾಮನು ಹಾಡುತ್ತಿರುವ ಹನ್ನೊಂದು ವರ್ಷದ ರತ್ನೆಯನ್ನು ರಂಗಪ್ಪನು ನೋಡುವಂತೆ ಮಾಡಿ, ಶಾಸ್ತ್ರಿಗಳನ್ನು ಒಳಹಾಕಿಕೊಂಡು, ಒಂದು ಸಣ್ಣ ಸಂಚಿನಿಂದ ಮದುವೆಯನ್ನು ಕೂಡಿಸುತ್ತಾನೆ. ಹೊಸ ಓದು ಕೇಳಿದ ಒಲವು ದೊರೆಯಿತು; ಹಳೆಯ ಊರು ಬಯಸಿದ ಮದುವೆಯೂ ನಡೆಯಿತು. ಬಾಲ್ಯವಿವಾಹದ ವಿಷಯದಲ್ಲಿ ಇಂದಿನ ಓದುಗನಿಗೆ ಈ ಸಮಾಧಾನವು ಒಪ್ಪದಿರಬಹುದು, ಒಪ್ಪದಿರುವುದೇ ನ್ಯಾಯ. ಊರು ಗೆದ್ದಿತು, ರಂಗಪ್ಪನ ವಾದವು ಹಾಸ್ಯದಲ್ಲಿ ಕರಗಿತು, ರತ್ನೆಯನ್ನು ಯಾರೂ ಕೇಳಲಿಲ್ಲ. ಆದರೆ ಸಾಹಿತ್ಯಚರಿತ್ರೆಯ ದೃಷ್ಟಿಯಿಂದ ಮುಖ್ಯವಾದುದು ಬೇರೆ. ಓದಿನಿಂದ ಬಂದ ದೃಷ್ಟಿಯನ್ನೂ ಊರಿನಿಂದ ಬಂದ ದೃಷ್ಟಿಯನ್ನೂ ಒಂದೇ ಕಥೆಯಲ್ಲಿ, ಎರಡನ್ನೂ ನಗುತ್ತ, ಎರಡನ್ನೂ ಪ್ರೀತಿಸುತ್ತ ಇರಿಸಬಲ್ಲ ಮನಸ್ಸು ಇಲ್ಲಿ ಕಾಣುತ್ತದೆ. ಕಥೆ ಹೇಳುವ ರೀತಿಯೂ ಹಾಗೆಯೇ: ವಸ್ತು ಹೊಸದು, ಜಗುಲಿಯ ಮೇಲೆ ಕುಳಿತು ಕೇಳುವವರನ್ನು ಮಾತನಾಡಿಸುತ್ತ ಹೇಳುವ ಧ್ವನಿ ಹಳೆಯದು. ಕಿವಿಯ ಶಿಕ್ಷಣವು ಅಕ್ಷರದ ಶಿಕ್ಷಣದೊಳಗೆ ಉಳಿದುಕೊಂಡಿದೆ.

ಮುಂದೆ ೧೯೨೮ರ ‘ಸುಬ್ಬಣ್ಣ’ದಲ್ಲಿ ಒಬ್ಬ ಸಂಗೀತಗಾರನು ಮೈಸೂರನ್ನು ಬಿಟ್ಟು ಕಲ್ಕತ್ತೆಯವರೆಗೆ ಅಲೆದು, ದುಃಖದ ಮೂಲಕ ಶಾಂತಿಯನ್ನು ಕಾಣುತ್ತಾನೆ. ೧೯೪೯ರ ‘ಚೆನ್ನಬಸವನಾಯಕ’ವು ಬಿದನೂರಿನ ಸಂಸ್ಥಾನದ ಕೊನೆಯ ದಿನಗಳನ್ನು ಚಿತ್ರಿಸುತ್ತದೆ. ಬಿದನೂರನ್ನು ೧೭೬೩ರಲ್ಲಿ ಗೆದ್ದವನು ಹೈದರಾಲಿ. ಅಂದರೆ ಮಾಸ್ತಿಯವರ ನೆರೆಯ ಊರಿನಲ್ಲಿ ಹುಟ್ಟಿ, ತಂದೆಯ ಗೋರಿಯನ್ನು ಕೋಲಾರದಲ್ಲಿ ಉಳಿಸಿಹೋದವನು. ೧೯೫೬ರ ‘ಚಿಕವೀರ ರಾಜೇಂದ್ರ’ವು ೧೮೩೪ರಲ್ಲಿ ಪದಚ್ಯುತನಾದ ಕೊಡಗಿನ ಕೊನೆಯ ಅರಸನ ಕಥೆ, ಇದಕ್ಕೆ ೧೯೮೩ರ ಜ್ಞಾನಪೀಠ ಪ್ರಶಸ್ತಿಯು ಬಂದಿತು. ದುರ್ಗೇಶನಂದಿನಿಯ ಮಾದರಿಯ ಐತಿಹಾಸಿಕ ಕಾದಂಬರಿಯಲ್ಲಿ ನಾಯಕನ ಶೌರ್ಯವೂ ಪ್ರಣಯವೂ ಪ್ರಧಾನ. ಮಾಸ್ತಿಯವರ ಈ ಎರಡು ಗ್ರಂಥಗಳಲ್ಲಿ ರಾಜ್ಯವು ಹೇಗೆ ಕಳೆದುಹೋಗುತ್ತದೆಂಬ ವಿಚಾರಣೆಯೇ ಪ್ರಧಾನ. ಕ್ರೂರನಾದ ವೀರರಾಜನ ಜೊತೆಗೆ ರಾಣಿ ಗೌರಮ್ಮಾಜಿ, ಮಂತ್ರಿ ಬೋಪಣ್ಣ, ಕುಂಟ ಬಸವ ಇವರೆಲ್ಲರ ಪಕ್ಷವನ್ನೂ ಓದುಗನು ಸ್ವಲ್ಪಸ್ವಲ್ಪ ಹೊತ್ತು ವಹಿಸುವಂತಾಗುತ್ತದೆ. ಯಾವ ಒಬ್ಬನ ತಪ್ಪನ್ನೂ ಮುಚ್ಚದೆ, ಯಾವ ಒಬ್ಬನನ್ನೂ ತಪ್ಪಿನಷ್ಟಕ್ಕೇ ಇಳಿಸದೆ ನೋಡುವ ಈ ದೃಷ್ಟಿಯು ಕಾದಂಬರಿಯ ಕಲೆಯು ಕೊಡಬಹುದಾದ ಅತ್ಯುತ್ತಮ ಫಲ.

೭. ಕಾದಂಬರಿ ಬರೆಯದ ಗುಂಡಪ್ಪನವರು

ಬಾಲ್ಯದ ಓದಿನ ಪ್ರಭಾವವನ್ನು ಕುರಿತ ಸರಳ ಸಿದ್ಧಾಂತಕ್ಕೆ ಗುಂಡಪ್ಪನವರು ಒಂದು ಕಠಿಣವಾದ ಪರೀಕ್ಷೆ. ಅವರು ಕಾದಂಬರಿಯನ್ನು ಬರೆಯಲಿಲ್ಲ. ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟದೆ, ಪತ್ರಿಕಾವೃತ್ತಿಯಿಂದ ಜೀವನವನ್ನು ಆರಂಭಿಸಿ, ಸ್ವಂತ ಓದಿನ ಬಲದಿಂದಲೇ ರಾಜ್ಯಶಾಸ್ತ್ರ, ವೇದಾಂತ, ಕಾವ್ಯಮೀಮಾಂಸೆಗಳಲ್ಲಿ ಪ್ರಮಾಣಪುರುಷರಾದರು. ೧೯೪೩ರ ‘ಮಂಕುತಿಮ್ಮನ ಕಗ್ಗ’ವು ಕೇಳಿದ ಕಾವ್ಯದ ಪರಂಪರೆಗೆ ಸೇರಿದ ಗ್ರಂಥ; ಅದರ ಪದ್ಯಗಳು ನಾಲಿಗೆಯ ಮೇಲೆ ನಿಲ್ಲುವುದಕ್ಕಾಗಿಯೇ ಹುಟ್ಟಿದವು. ಇಷ್ಟನ್ನೇ ನೋಡಿದರೆ ಇವರಿಗೂ ಕಾದಂಬರಿಗೂ ಸಂಬಂಧವಿಲ್ಲವೆಂದು ಹೇಳಬೇಕಾದೀತು.

ಆದರೆ ‘ಜ್ಞಾಪಕ ಚಿತ್ರಶಾಲೆ’ಯನ್ನು ತೆರೆದೊಡನೆಯೇ ಈ ನಿರ್ಣಯವು ಸಡಿಲವಾಗುತ್ತದೆ. ದಿವಾನರ ಸಂಪುಟದ ಪಕ್ಕದಲ್ಲಿಯೇ ಕಲೋಪಾಸಕರಿಗೂ ವೈದಿಕರಿಗೂ ಹೃದಯಸಂಪನ್ನರೆಂದು ಅವರು ಕರೆದ ಹೆಸರಿಲ್ಲದ ಜನರಿಗೂ ಸಂಪುಟಗಳು ದೊರೆತಿವೆ. ಮಾತಿನ ಶೈಲಿ, ನಡೆಯುವ ರೀತಿ, ಊಟದ ರುಚಿ, ಸಣ್ಣ ಮುನಿಸು, ದೊಡ್ಡ ಔದಾರ್ಯ ಇವುಗಳಿಂದ ಒಬ್ಬೊಬ್ಬ ವ್ಯಕ್ತಿಯೂ ಎದ್ದು ನಿಲ್ಲುತ್ತಾನೆ. ಸಂಭಾಷಣೆಯನ್ನು ಆಯಾ ವ್ಯಕ್ತಿಯ ನುಡಿಯಲ್ಲಿಯೇ ಕೊಡಲಾಗಿದೆ. ಹಳೆಯ ಚರಿತ್ರಗ್ರಂಥಗಳಿಗೆ ರಾಜನೋ ಸಂತನೋ ಬೇಕಾಗಿತ್ತು. ಇಲ್ಲಿ ಮುಳಬಾಗಿಲಿನ ಬೀದಿಯಲ್ಲಿ ಬಾಳಿ ಅಳಿದ ಸಾಧಾರಣ ಮನುಷ್ಯನೂ ದಿವಾನರ ಜೊತೆಯಲ್ಲಿ ಸಮಾನವಾದ ಆಸನವನ್ನು ಪಡೆಯುತ್ತಾನೆ. ಗದ್ಯಕ್ಕೆ ಈ ಸಮದೃಷ್ಟಿಯನ್ನು ತಂದುಕೊಟ್ಟುದು ಹತ್ತೊಂಬತ್ತನೆಯ ಶತಮಾನದ ಕಾದಂಬರಿ. ಗುಂಡಪ್ಪನವರು ಅದನ್ನು ಯಾವುದೋ ಒಂದು ಪುಸ್ತಕದಿಂದ ಪಡೆದರೆಂದು ಹೇಳುವುದು ಸಾಹಸ. ಆ ಕಾಲದ ಓದಿನ ಹವೆಯಲ್ಲಿಯೇ ಅದು ಬೆರೆತಿದ್ದಿತೆಂದೂ, ಸಭೆಯಲ್ಲಿ ಕೇಳಿದ ಕಾವ್ಯದಿಂದ ಬಂದ ಪೂಜ್ಯಭಾವವು ಅದರೊಡನೆ ಸೇರಿ ಈ ವಿಶಿಷ್ಟ ಗದ್ಯಪ್ರಕಾರವಾಯಿತೆಂದೂ ಹೇಳಬಹುದು. ಓದಿನ ಫಲವು ಓದಿದ ಪ್ರಕಾರದಲ್ಲಿಯೇ ಕಾಣಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದು ಒಳ್ಳೆಯ ದೃಷ್ಟಾಂತ.

೮. ಅನಕೃ ಮತ್ತು ಓದುಗರ ವಿಸ್ತಾರ

ಮೂರನೆಯ ತಲೆಮಾರಿನಲ್ಲಿ ಪ್ರಶ್ನೆಯ ಸ್ವರೂಪವೇ ಬದಲಾಯಿತು. ೧೯೩೪ರ ‘ಜೀವನಯಾತ್ರೆ’ಯಿಂದ ತೊಡಗಿ ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಅನಕೃ ಅವರು ಕಾದಂಬರಿಯನ್ನು ಕನ್ನಡಿಗರ ದಿನಬಳಕೆಗೆ ತಂದರು. ಅವರ ‘ಸಂಧ್ಯಾರಾಗ’ದ (೧೯೩೫) ನಾಯಕನೂ ಮಾಸ್ತಿಯವರ ಸುಬ್ಬಣ್ಣನಂತೆ ಸಂಗೀತಗಾರನೇ. ಆದರೆ ಸುಬ್ಬಣ್ಣನ ಕಥೆಯನ್ನು ಹಿರಿಯರೊಬ್ಬರು ಹೇಳಿದಂತೆ ಕೇಳಬಹುದು. ‘ಸಂಧ್ಯಾರಾಗ’ವು ಪೂರ್ಣವಾಗಿ ಮೌನದ ಓದಿಗೆ ಬರೆದುದು.

೧೯೫೦ರ ಸುಮಾರಿಗೆ ವೇಶ್ಯಾಜೀವನವನ್ನು ವಸ್ತುವಾಗಿ ಉಳ್ಳ ಅನಕೃ ಅವರ ‘ಶನಿಸಂತಾನ’, ‘ನಗ್ನಸತ್ಯ’, ‘ಸಂಜೆಗತ್ತಲು’ ಕಾದಂಬರಿಗಳ ಮೇಲೆ ದೊಡ್ಡ ವಿವಾದವೆದ್ದಿತು. ಎಳೆಯರು ಕೆಡುತ್ತಾರೆಂಬ ಹಳೆಯ ಆಕ್ಷೇಪವು ಪುನಃ ಕೇಳಿಬಂದಿತು. ಲೇಖಕರು ಅದಕ್ಕೆ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಗ್ರಂಥದ ಮೂಲಕ ಉತ್ತರ ಕೊಟ್ಟರು. ಒಂದು ತಲೆಮಾರಿನ ಹಿಂದೆ ಬಂಕಿಮರ ಕಾದಂಬರಿಗೇ ಹೆದರಿದ್ದ ಹಿರಿಯರ ಮಕ್ಕಳು ಈಗ ಬಂಕಿಮರನ್ನು ಶುದ್ಧ ಸಾಹಿತ್ಯದ ಮಾದರಿಯೆಂದು ಎತ್ತಿ ಹಿಡಿಯುವಂತಾಯಿತು. ಯಾವ ಪುಸ್ತಕವು ಎಳೆಯರಿಗೆ ಯೋಗ್ಯವೆಂಬ ಗೆರೆಯು ಪ್ರತಿಯೊಂದು ತಲೆಮಾರಿನಲ್ಲಿಯೂ ಸರಿಯುತ್ತದೆಂಬುದನ್ನು ಉಪಾಧ್ಯಾಯರು ಮರೆಯಬಾರದು.

ಈ ಚಿತ್ರದಲ್ಲಿ ಒಂದು ದೊಡ್ಡ ಮರೆಯಿದೆ. ಮೇಲೆ ಹೇಳಿದ ಮೂವರೂ ಅಕ್ಷರವು ವಂಶಪರಂಪರೆಯಾಗಿ ಬಂದ ಮನೆಗಳಲ್ಲಿ ಹುಟ್ಟಿದ ಗಂಡುಮಕ್ಕಳು. ಇದೇ ತಾಲ್ಲೂಕುಗಳ ಹೊಲಗಳಲ್ಲಿಯೂ, ೧೮೮೦ರಿಂದೀಚೆಗೆ ಬೆಳೆದ ಚಿನ್ನದ ಗಣಿಗಳ ಕೂಲಿಲೈನುಗಳಲ್ಲಿಯೂ ದುಡಿದವರ ಮಕ್ಕಳಿಗೆ ಕಾದಂಬರಿಯು ಇನ್ನೂ ಎರಡು ಮೂರು ತಲೆಮಾರುಗಳವರೆಗೆ ತಲಪಲಿಲ್ಲ. ಅವರ ದೃಷ್ಟಿಯನ್ನು ರೂಪಿಸಿದುದು ಹಾಡು, ಹರಕೆ, ಬಯಲಾಟ, ಅಜ್ಜಿಯ ಕಥೆ. ಅದೇ ಸೀಮೆಯಿಂದ ಇತ್ತೀಚಿನ ದಶಕಗಳಲ್ಲಿ ಹೊರಟ ಕೋಟಿಗಾನಹಳ್ಳಿ ರಾಮಯ್ಯನವರು, ಕೆ. ವೈ. ನಾರಾಯಣಸ್ವಾಮಿಯವರು ಮೊದಲಾದವರ ಬರಹಗಳಲ್ಲಿ ಆ ಮೌಖಿಕ ಕಥನದ ಕಸುವು ರಂಗಭೂಮಿಗೆ ಬಂದಿರುವುದನ್ನು ಕಾಣಬಹುದು. ಆದುದರಿಂದ ಕಾದಂಬರಿಯನ್ನು ಓದಿದವನಿಗೆ ಮಾತ್ರ ವಿಶಾಲವಾದ ದೃಷ್ಟಿಯುಂಟೆಂದು ಹೇಳುವುದು ಚರಿತ್ರೆಗೆ ವಿರುದ್ಧ. ಓದಿದವರಲ್ಲಿಯೂ ಸಂಕುಚಿತರು ಎಷ್ಟೋ ಮಂದಿ. ಓದದವರಲ್ಲಿಯೂ ಉದಾರರು ಎಷ್ಟೋ ಮಂದಿ. ಗುಂಡಪ್ಪನವರ ಹೃದಯಸಂಪನ್ನರಲ್ಲಿ ಅನೇಕರ ಔದಾರ್ಯಕ್ಕೆ ಮುದ್ರಿತ ಪುಸ್ತಕದ ನೆರವು ಬೇಕಾಗಿರಲಿಲ್ಲ.

೯. ನಿರ್ಣಯ

ಇಷ್ಟು ವಿಚಾರದಿಂದ ಹೊರಡುವ ನಿರ್ಣಯಗಳು ಮಿತವಾದುವು. ಬಾಲ್ಯದಲ್ಲಿ ಓದಿದ ಕಾದಂಬರಿಯು ಮಗುವಿಗೆ ಅಭಿಪ್ರಾಯಗಳನ್ನು ಕೊಡುವುದು ಅಪರೂಪ. ರಂಗಪ್ಪನಿಗೆ ಕೊಟ್ಟ ಅಭಿಪ್ರಾಯವು ಒಂದು ತಿಂಗಳೂ ನಿಲ್ಲಲಿಲ್ಲ. ಅದು ಕೊಡುವುದು ಒಂದು ಅಭ್ಯಾಸವನ್ನು: ತನ್ನದಲ್ಲದ ಬಾಳಿನೊಳಗೆ ಕೆಲವು ಗಂಟೆಗಳ ಕಾಲ ಒಬ್ಬನೇ ಕುಳಿತಿರುವ ಅಭ್ಯಾಸ. ಈ ಅಭ್ಯಾಸವು ಮುಂದೆ ಯಾವ ರೂಪವನ್ನು ತಾಳುತ್ತದೆಂಬುದು ಮಗುವಿನ ಕಿವಿಯಲ್ಲಿ ಮುಂಚೆಯೇ ಏನು ತುಂಬಿದೆ, ಅದರ ನೆಲವು ಯಾವ ಕಥೆಗಳನ್ನು ಹೇಳುತ್ತದೆ, ಅದರ ಮನೆಯಲ್ಲಿ ಎಷ್ಟು ನುಡಿಗಳಿವೆ ಎಂಬುದನ್ನು ಅವಲಂಬಿಸುತ್ತದೆ. ಕೋಲಾರದ ಸೀಮೆಯಲ್ಲಿ ಕೇಳಿದ ಕಾವ್ಯವೂ ಓದಿದ ಕಥೆಯೂ ಒಂದನ್ನೊಂದು ಹೊರದೂಡದೆ ಬೆರೆತುದರಿಂದ, ಹಳೆಯದನ್ನು ಪ್ರೀತಿಸುತ್ತಲೇ ಪರೀಕ್ಷಿಸಬಲ್ಲ ಒಂದು ಗದ್ಯಪರಂಪರೆಯು ಅಲ್ಲಿ ಸಾಧ್ಯವಾಯಿತು.

ಉಪಾಧ್ಯಾಯರಿಗೆ ಇದರಿಂದ ಎರಡು ಸೂಚನೆಗಳು ದೊರೆಯುತ್ತವೆ. ಕಾದಂಬರಿಯನ್ನು ತರಗತಿಯಲ್ಲಿ ಕಲಿಸುವಾಗ ಅದರ ನೀತಿಯನ್ನು ಹಿಂಡಿ ತೆಗೆದು ಒಂದು ವಾಕ್ಯದಲ್ಲಿ ಬರೆಸುವ ಪದ್ಧತಿಯು, ಅರ್ಥವನ್ನು ಮಗುವಿನ ಕೈಯಿಂದ ಮತ್ತೆ ಕಸಿದುಕೊಂಡಂತಾಗುತ್ತದೆ. ಓದಿನ ಮುಖ್ಯಫಲವು ಅಲ್ಲಿಗೆ ನಷ್ಟವಾಗುತ್ತದೆ. ಎರಡನೆಯದಾಗಿ, ಪುಸ್ತಕವು ಮಗುವಿನ ಕೈಗೆ ಬರುವ ದಾರಿಯು ಇಂದಿಗೂ ಸಮಾನವಾಗಿಲ್ಲ. ೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ಜಿಲ್ಲೆಗಳಲ್ಲಿಯೂ ತಾಲ್ಲೂಕುಗಳಲ್ಲಿಯೂ ಪುಸ್ತಕಭಂಡಾರಗಳಿಗೆ ಕಾನೂನಿನ ಆಧಾರವನ್ನು ಒದಗಿಸಿತು. ಆದರೆ ಮನೆಯಲ್ಲಿ ಓದುವವರೇ ಇಲ್ಲದ ಮಗುವಿಗೆ ಗ್ರಂಥಾಲಯದ ಬಾಗಿಲು ತೆರೆದಿರುವುದಷ್ಟೇ ಸಾಲದು; ಮೊದಲ ಪುಸ್ತಕವನ್ನು ಆರಿಸಿ ಕೈಗೆ ಕೊಡುವ ಒಬ್ಬ ಉಪಾಧ್ಯಾಯನು ಬೇಕು. ಮುಳಬಾಗಿಲಿನಲ್ಲಿಯೂ ಶ್ರೀನಿವಾಸಪುರದಲ್ಲಿಯೂ ತೆಲುಗನ್ನಾಡುತ್ತ ಶಾಲೆಗೆ ಬಂದು ಕನ್ನಡವನ್ನು ಕಲಿಯುವ ಮಕ್ಕಳಿಗೆ ಆ ಮೊದಲ ಪುಸ್ತಕವು ‘ರಂಗಪ್ಪನ ಮದುವೆ’ಯೇ ಆಗಬಹುದು. ಅದನ್ನು ಬರೆದವರೂ ಮನೆಯಲ್ಲಿ ಬೇರೆಯ ನುಡಿಯನ್ನು ಆಡುತ್ತ ಕನ್ನಡಕ್ಕೆ ಬಂದವರೆಂಬುದನ್ನು ಮಕ್ಕಳಿಗೆ ತಿಳಿಸಿಕೊಟ್ಟರೆ, ಪುಸ್ತಕಕ್ಕೂ ಅವರಿಗೂ ನಡುವಣ ದೂರವು ಅಷ್ಟರಮಟ್ಟಿಗೆ ಕಡಿಮೆಯಾಗುವುದು.